ಗರಗಸವನ್ನು ಮರದ ಬಳಿಗೆ ಒಯ್ದ ಸ್ಟಿಲ್

ಮಲೆನಾಡಿನ ಕಾಫಿ ತೋಟಗಳಲ್ಲಿ, ಕರಾವಳಿಯ ರಬ್ಬರ್ ತೋಟಗಳಲ್ಲಿ ಇಂದು ಮರ ಕೊಯ್ಯುವ ಕೆಲಸ ಸರಪಳಿ ಗರಗಸವಿಲ್ಲದೆ ಸಾಗುವುದಿಲ್ಲ. ಅದರ ಕಿತ್ತಳೆ ಬಣ್ಣದ ಮೈಮೇಲೆ ಬರೆದಿರುವ 'ಸ್ಟಿಲ್' ಎಂಬ ಹೆಸರನ್ನು ಕಾಣದ ಬೆಳೆಗಾರರು ಕಡಿಮೆ. ಅದು ಯಂತ್ರದ ಜಾತಿಯ ಹೆಸರೆಂದು ತಿಳಿದವರೂ ಇದ್ದಾರೆ. ಅದು ಒಬ್ಬ ಮನುಷ್ಯನ ಹೆಸರು. ಗರಗಸವನ್ನು ಹಗುರ ಮಾಡುವುದು, ವೇಗ ಹೆಚ್ಚಿಸುವುದು, ಮತ್ತೆ ಆ ವೇಗ ತಂದ ತೊಂದರೆಗಳನ್ನು ತಿದ್ದುವುದು, ಇದರಲ್ಲೇ ಆ ಮನುಷ್ಯನ ಸುಮಾರು ನಲವತ್ತೈದು ವರ್ಷಗಳು ಕಳೆದವು.

ಆಂಡ್ರಿಯಾಸ್ ಸ್ಟಿಲ್ ಹುಟ್ಟಿದ್ದು 1896ರ ನವೆಂಬರ್ 10ರಂದು, ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ. ಉದ್ಯೋಗ ಜರ್ಮನಿಯಲ್ಲಿ. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರಾಗಿ ಹೋಗಿ ಗಾಯಗೊಂಡು ಮರಳಿದರು. ಬಳಿಕ ಯಂತ್ರಶಾಸ್ತ್ರ ಕಲಿತರು. ಪಾಲುದಾರರೊಬ್ಬರ ಜೊತೆ ಕೆಲವು ಕಾಲ ನಡೆಸಿದ ಉದ್ಯಮದಿಂದ ಹೊರಬಂದು 1926ರಲ್ಲಿ ಸ್ಟುಟ್‌ಗಾರ್ಟ್ ನಗರದಲ್ಲಿ ತಮ್ಮದೇ ಹೆಸರಿನ ಸಂಸ್ಥೆ ತೆರೆದರು. ಆರಂಭದಲ್ಲಿ ಅಲ್ಲಿ ತಯಾರಾಗುತ್ತಿದ್ದುದು ಉಗಿ ಬಾಯ್ಲರುಗಳ ಒಲೆಯ ಉಪಕರಣ ಮತ್ತು ಬಟ್ಟೆ ಒಗೆಯುವ ಯಂತ್ರ. ಹೊಟ್ಟೆಪಾಡು ಅವುಗಳಿಂದ ನಡೆಯುತ್ತಿತ್ತು, ಮನಸ್ಸು ಮಾತ್ರ ಮರದ ಕೆಲಸದ ಕಡೆಗಿತ್ತು.

ಆ ದಿನಗಳಲ್ಲಿ ಮರ ಕಡಿಯುವುದೆಂದರೆ ಕೊಡಲಿ ಮತ್ತು ಇಬ್ಬರು ಎಳೆಯುವ ಉದ್ದ ಗರಗಸ. ನಮ್ಮಲ್ಲಿ ಹಿರಿಯರು ಆ ಕೆಲಸ ಕಂಡಿದ್ದಾರೆ, ಮಾಡಿಯೂ ಇದ್ದಾರೆ. ಉರುಳಿಸಿದ ದಿಮ್ಮಿಯನ್ನು ಎಳೆದು ಸಾಗಿಸಿ ಗರಗಸದ ಮಿಲ್ಲಿಗೆ ತಂದ ಮೇಲಷ್ಟೇ ಯಂತ್ರದ ಸಹಾಯ ಸಿಗುತ್ತಿತ್ತು. ಮರವನ್ನು ಯಂತ್ರದ ಬಳಿಗೆ ತರುವ ಬದಲು ಯಂತ್ರವನ್ನೇ ಮರದ ಬಳಿಗೆ ಒಯ್ದರಾಗದೇ ಎಂಬುದು ಸ್ಟಿಲ್ ಅವರ ಯೋಚನೆ. ಸಂಸ್ಥೆ ತೆರೆದ ವರ್ಷವೇ, ಅಂದರೆ 1926ರಲ್ಲಿ, ವಿದ್ಯುತ್ತಿನಿಂದ ನಡೆಯುವ ಸರಪಳಿ ಗರಗಸವನ್ನು ಹೊರತಂದರು. ಎತ್ತಿ ಹಿಡಿಯಲು ಇಬ್ಬರು ಆಳು ಬೇಕು. ಅದಕ್ಕಿಂತ ದೊಡ್ಡ ಕೊರತೆ ಬೇರೆಯೇ ಇತ್ತು: ಕಾಡಿನಲ್ಲಿ ವಿದ್ಯುತ್ ಎಲ್ಲಿಂದ ಬರಬೇಕು? ದಿಮ್ಮಿ ರಾಶಿ ಹಾಕಿದ ಅಂಗಳಕ್ಕೆ ಸರಿ, ನಿಂತ ಮರಕ್ಕೆ ಉಪಯೋಗವಿಲ್ಲ.

ಈ ಪ್ರಯತ್ನದಲ್ಲಿ ಅವರೊಬ್ಬರೇ ಇರಲಿಲ್ಲ. 1927ರಲ್ಲಿ ಎಮಿಲ್ ಲೆರ್ಪ್ ಎಂಬ ಇನ್ನೊಬ್ಬ ಜರ್ಮನ್ ತಂತ್ರಜ್ಞರು ಪೆಟ್ರೋಲ್ ಗರಗಸವೊಂದನ್ನು ಡೋಲ್ಮಾರ್ ಎಂಬ ಗುಡ್ಡದ ಮೇಲೆ ಪರೀಕ್ಷಿಸಿದರು. ಆ ಗುಡ್ಡದ ಹೆಸರೇ ಅವರ ಯಂತ್ರಕ್ಕೂ ಬಂತು. ಅದರ ತೂಕ 58 ಕಿಲೋಗ್ರಾಂ. ಸ್ಟಿಲ್ ಅವರ ಪೆಟ್ರೋಲ್ ಗರಗಸ 1929ರಲ್ಲಿ ಬಂತು. 6 ಅಶ್ವಶಕ್ತಿ, 46 ಕಿಲೋಗ್ರಾಂ. ಒಂದು ತುದಿಯಲ್ಲಿ ಎಂಜಿನ್ ಹಿಡಿದವನೊಬ್ಬ, ಸರಪಳಿ ಓಡುವ ಪಟ್ಟಿಯ ಇನ್ನೊಂದು ತುದಿಯಲ್ಲಿ ಹಿಡಿ ಹಿಡಿದವನೊಬ್ಬ. ಗೊಬ್ಬರದ ಚೀಲ ಹೊರುವವರಿಗೆ ಈ ತೂಕದ ಅಂದಾಜು ಹೇಳಬೇಕಾಗಿಲ್ಲ. ಆ ಚೀಲ ನಡುಗುತ್ತಿದೆ, ಬಿಸಿಯಾಗಿದೆ, ಹೊಗೆ ಕಾರುತ್ತಿದೆ, ಅದನ್ನು ಇಳಿಜಾರಿನಲ್ಲಿ ಮರದ ಬುಡಕ್ಕೆ ಅಡ್ಡ ಹಿಡಿಯಬೇಕು ಎಂದು ಸೇರಿಸಿಕೊಂಡರೆ ಸಾಕು.

ಇಂಥ ಯಂತ್ರದ ದೋಷಗಳು ಕಾಡಿನಲ್ಲೇ ಗೊತ್ತಾಗಬೇಕು. ಸರಪಳಿ ಒಣಗಿ ಓಡಿದರೆ ಪಟ್ಟಿಯೂ ಸವೆಯುತ್ತದೆ, ಸರಪಳಿಯೂ ಕಾದು ಹಿಗ್ಗುತ್ತದೆ. ಕೈಯಿಂದ ಎಣ್ಣೆ ಬಿಡಲು ಮರೆತರೆ ಕೆಲಸ ಕೆಟ್ಟಿತು. ಹೀಗಾಗಿ 1930ರ ದಶಕದಲ್ಲಿ ಸರಪಳಿಗೆ ತಾನಾಗಿ ಎಣ್ಣೆ ಹರಿಯುವ ಏರ್ಪಾಡು ಬಂತು. ಎಂಜಿನ್ ನಿಧಾನಕ್ಕಿಳಿದಾಗ ಸರಪಳಿ ತಾನೇ ನಿಲ್ಲುವಂಥ ಕ್ಲಚ್ಚೂ ಅದೇ ಕಾಲದ್ದು. ಇಂದಿನ ಗರಗಸದಲ್ಲಿ ಇವೆರಡೂ ಇವೆ. ನಾವು ಅವುಗಳನ್ನು ಗಮನಿಸುವುದೇ ಇಲ್ಲ, ಕೆಟ್ಟಾಗ ಹೊರತು.

ಈ ಬದುಕಿನ ಇನ್ನೊಂದು ಮುಖವನ್ನು ಮರೆಮಾಚುವುದು ಸರಿಯಲ್ಲ. 1933ರಲ್ಲಿ ಹಿಟ್ಲರನ ಆಡಳಿತ ಬಂದಾಗ ಸ್ಟಿಲ್ ನಾಜಿ ಪಕ್ಷ ಸೇರಿದರು, ಮುಂದೆ ಎಸ್.ಎಸ್. ಎಂಬ ಕುಖ್ಯಾತ ಸಂಘಟನೆಯ ಸದಸ್ಯರೂ ಆದರು. ಯುದ್ಧದಲ್ಲಿ ಸ್ಟುಟ್‌ಗಾರ್ಟಿನ ಕಾರ್ಖಾನೆ ಬಾಂಬಿಗೆ ತುತ್ತಾಯಿತು. ಕೆಲಸ ಹತ್ತಿರದ ವೈಬ್ಲಿಂಗೆನ್ ಊರಿಗೆ ಸ್ಥಳಾಂತರವಾಯಿತು. ಯುದ್ಧ ಮುಗಿದ ಮೇಲೆ ಮಿತ್ರರಾಷ್ಟ್ರಗಳವರು ಅವರನ್ನು ಬಂಧಿಸಿಟ್ಟರು. ಬಿಡುಗಡೆಯಾಗಿ ಕಾರ್ಖಾನೆಗೆ ಮರಳಿದ್ದು 1948ರಲ್ಲಿ. ಒಳ್ಳೆಯ ಯಂತ್ರ ಮಾಡಿದರೆಂದು ಆ ಲೆಕ್ಕ ಅಳಿಸಿಹೋಗುವುದಿಲ್ಲ.

ಮರಳಿದ ಮೇಲಿನ ಹತ್ತು ಹನ್ನೆರಡು ವರ್ಷಗಳೇ ಅವರ ಕೆಲಸದ ಉತ್ತಮ ಕಾಲ. ರೈತರಿಗೆಂದು ಒಂದು ಸಿಲಿಂಡರಿನ ಸಣ್ಣ ಡೀಸೆಲ್ ಟ್ರಾಕ್ಟರನ್ನೂ ಅವರ ಕಾರ್ಖಾನೆ ಕೆಲವು ವರ್ಷ ತಯಾರಿಸಿತು. ನೀರಿಲ್ಲದೆ ಗಾಳಿಯಿಂದಲೇ ತಣಿಯುವ ಎಂಜಿನ್ ಅದರದು. 1960ರ ದಶಕದ ಆರಂಭದಲ್ಲಿ ಟ್ರಾಕ್ಟರ್ ನಿಂತಿತು, ಗರಗಸ ಉಳಿಯಿತು. 1950ರಲ್ಲಿ ಒಬ್ಬನೇ ಹಿಡಿದು ಮರ ಉರುಳಿಸಬಹುದಾದ, 16 ಕಿಲೋಗ್ರಾಂ ತೂಕದ ಪೆಟ್ರೋಲ್ ಗರಗಸ ಹೊರಬಂತು. 46ರಿಂದ 16ಕ್ಕೆ! ಎರಡನೆಯ ಆಳು ಬೇಡವಾಯಿತು.

ಇಲ್ಲಿ ಅಮೆರಿಕದ ಒಂದು ಸಂಗತಿ ಹೇಳದಿದ್ದರೆ ಕಥೆ ಪೂರ್ತಿಯಾಗದು, ಏಕೆಂದರೆ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಮರ ಕೊಯ್ಯುವುದು ಸರಪಳಿಯ ಹಲ್ಲು. ಹಳೆಯ ಸರಪಳಿಯ ಹಲ್ಲುಗಳು ಕೈಗರಗಸದ ಹಲ್ಲಿನಂತೆಯೇ ಇದ್ದವು. ಅವು ಮರವನ್ನು ಗೀರಿ ಹುಡಿ ಮಾಡುತ್ತಿದ್ದವು, ಬೇಗ ಮೊಂಡಾಗುತ್ತಿದ್ದವು, ಅರ ಹಾಕುವುದೂ ದೊಡ್ಡ ರಗಳೆ. 1946ರಲ್ಲಿ ಓರೆಗಾನ್ ರಾಜ್ಯದ ಜೋ ಕಾಕ್ಸ್ ಎಂಬ ಮರಗೆಲಸಗಾರರು ಬೊಡ್ಡೆಯೊಂದರಲ್ಲಿ ದುಂಬಿಯ ಮರಿಹುಳು ಮರ ತಿನ್ನುವುದನ್ನು ಗಮನಿಸಿದರು. ಹುಳು ನೇರವಾಗಿ ಕೊರೆಯುತ್ತಿರಲಿಲ್ಲ. ಬಾಗಿದ ದವಡೆಯಿಂದ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕತ್ತರಿಸುತ್ತ, ನಾರಿನ ಅಡ್ಡಕ್ಕೂ ಉದ್ದಕ್ಕೂ ಸಲೀಸಾಗಿ ಸಾಗುತ್ತಿತ್ತು. ನಮ್ಮ ಅರೇಬಿಕಾ ಕಾಫಿ ಬೆಳೆಗಾರರ ನಿದ್ದೆ ಕೆಡಿಸುವ ಬಿಳಿ ಕಾಂಡಕೊರಕವೂ ಅದೇ ಕುಟುಂಬದ ಹುಳು. ಕಾಕ್ಸ್ ಅವರು ಬಾಗಿದ ಹಲ್ಲುಗಳನ್ನು ಎಡಕ್ಕೊಂದು ಬಲಕ್ಕೊಂದು ಜೋಡಿಸಿ ಹೊಸ ಸರಪಳಿ ಮಾಡಿದರು, 1947ರಲ್ಲಿ ಮಾರಾಟಕ್ಕೆ ತಂದರು. ಹುಡಿಯ ಬದಲು ಚಕ್ಕೆ ಹಾರತೊಡಗಿತು. ಇಂದು ಯಾವ ಕಂಪನಿಯ ಗರಗಸವಾಗಲಿ, ಅದರ ಸರಪಳಿ ಈ ತತ್ವದ್ದೇ.

ಒಳ್ಳೆಯ ಹಲ್ಲು ಸಿಕ್ಕಮೇಲೆ ಸರಪಳಿಯನ್ನು ಇನ್ನೂ ಜೋರಾಗಿ ಓಡಿಸಬಹುದು. ಆದರೆ ಹಳೆಯ ಗರಗಸಗಳಲ್ಲಿ ಎಂಜಿನ್ನಿಗೂ ಸರಪಳಿಗೂ ನಡುವೆ ಗೇರುಗಳಿದ್ದವು. ಗೇರು ಬಲ ಕೊಡುತ್ತದೆ, ವೇಗ ಕಸಿದುಕೊಳ್ಳುತ್ತದೆ, ತೂಕವನ್ನೂ ಸೇರಿಸುತ್ತದೆ. 1959ರಲ್ಲಿ ಸ್ಟಿಲ್ ಕಾರ್ಖಾನೆ ಹೊರತಂದ 'ಕಾಂಟ್ರಾ' ಮಾದರಿಯಲ್ಲಿ ಗೇರು ತೆಗೆದುಹಾಕಿದ್ದರು. ಎಂಜಿನ್ನಿನ ತಿರುಗು ಕ್ಲಚ್ಚಿನ ಮೂಲಕ ನೇರವಾಗಿ ಸರಪಳಿಯ ಹಲ್ಲುಗಾಲಿಗೆ ಹೋಯಿತು. 6 ಅಶ್ವಶಕ್ತಿ, ತೂಕ 12 ಕಿಲೋಗ್ರಾಂ. 1929ರ ಯಂತ್ರದಲ್ಲಿದ್ದಷ್ಟೇ ಶಕ್ತಿ, ಕಾಲುಭಾಗದ ತೂಕ. ಅಮೆರಿಕ, ಕೆನಡಾ ಕಾಡುಗಳವರೆಗೆ ಈ ಮಾದರಿ ಮಾರಾಟವಾಯಿತು. ಸ್ಟಿಲ್ ಅವರಿಗೆ ಆಗ ಅರವತ್ತಮೂರು ವರ್ಷ.

ವೇಗ ಹೆಚ್ಚಿದ್ದರ ಬೆಲೆಯನ್ನು ಕೈಗಳು ತೆತ್ತವು. ವರ್ಷಗಟ್ಟಲೆ ದಿನವಿಡೀ ಗರಗಸ ಹಿಡಿದವರ ಬೆರಳುಗಳು ಚಳಿಯಲ್ಲಿ ಬಿಳಿಚಿಕೊಂಡು ಮರಗಟ್ಟತೊಡಗಿದವು. ಎಡೆಬಿಡದ ಕಂಪನದಿಂದ ರಕ್ತನಾಳಗಳಿಗೂ ನರಗಳಿಗೂ ಆಗುವ ಹಾನಿ ಅದು. ಒಮ್ಮೆ ಬಲಿತರೆ ಪೂರ್ತಿ ಗುಣವಾಗುವುದು ಕಷ್ಟ. 1960ರ ದಶಕದಲ್ಲಿ ಹಿಡಿಗಳಿಗೂ ಎಂಜಿನ್ನಿಗೂ ನಡುವೆ ರಬ್ಬರ್ ಕೊಟ್ಟು ಕಂಪನ ಇಳಿಸುವ ಗರಗಸಗಳು ಬಂದವು. ಇನ್ನೊಂದು ಅಪಾಯ ಹಿಮ್ಮೊಗೆತ. ಓಡುವ ಸರಪಳಿಯ ಪಟ್ಟಿಯ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಗರಗಸ ಕ್ಷಣಾರ್ಧದಲ್ಲಿ ಮೇಲಕ್ಕೆ, ಹಿಡಿದವನ ಮುಖದ ಕಡೆಗೆ ಎಗರುತ್ತದೆ. ಮುಂದಿನ ಹಿಡಿಯ ಎದುರಿನ ಕಾಪು ಒತ್ತಿದೊಡನೆ ಸರಪಳಿ ನಿಲ್ಲಿಸುವ ಬ್ರೇಕು 1970ರ ದಶಕದಲ್ಲಿ ಬಳಕೆಗೆ ಬಂತು.

ರೈತ ಬಾಂಧವರು ಗಮನಿಸಬೇಕಾದ ವಿಷಯ ಇಲ್ಲಿದೆ. ಗರಗಸ ನಿಧಾನವಾಯಿತೆಂದು ಅದನ್ನು ತಾವೇ 'ತಿದ್ದುವ' ರೂಢಿ ಹಲವೆಡೆ ಇದೆ. ಪ್ರತಿ ಹಲ್ಲಿನ ಮುಂದೆ ಒಂದು ಗಿಡ್ಡ ಉಬ್ಬು ಇರುತ್ತದೆ. ಹಲ್ಲು ಮರದೊಳಗೆ ಎಷ್ಟು ಆಳ ಇಳಿಯಬೇಕೆಂದು ಅದು ನಿರ್ಧರಿಸುತ್ತದೆ. ಸಾಮಾನ್ಯ ಸರಪಳಿಗಳಲ್ಲಿ ಅದು ಹಲ್ಲಿನ ತುದಿಗಿಂತ ಸುಮಾರು 0.65 ಮಿಲಿಮೀಟರ್ ತಗ್ಗಿರಬೇಕು. ಹಲ್ಲು ಸವೆದಂತೆ ಉಬ್ಬನ್ನೂ ಅಳತೆಪಟ್ಟಿ ಇಟ್ಟು ಅಷ್ಟೇ ತಗ್ಗಿಸುವುದು ಸರಿ. ಕಣ್ಣಳತೆಯಲ್ಲಿ ಬೇಕಾದಷ್ಟು ಉಜ್ಜಿದರೆ ಮೊದಲ ಹತ್ತು ನಿಮಿಷ ವೇಗ ಹೆಚ್ಚಿದಂತೆ ಕಾಣುತ್ತದೆ. ಬಳಿಕ ಸರಪಳಿ ಕಚ್ಚಿ ಕುಣಿಯುತ್ತದೆ, ಎಂಜಿನ್ ತಿಣುಕುತ್ತದೆ, ಹಿಮ್ಮೊಗೆತ ಹೆಚ್ಚುತ್ತದೆ. ಸೈಲೆನ್ಸರಿಗೆ ತೂತು ಕೊರೆಯುವುದು ಇನ್ನೊಂದು ಚಾಳಿ. ಹೊಗೆ ಸರಾಗವಾಗಿ ಹೊರಟರೆ ಒಳಬರುವ ಗಾಳಿಯೂ ಹೆಚ್ಚುತ್ತದೆ. ಅದಕ್ಕೆ ತಕ್ಕ ಪೆಟ್ರೋಲ್ ಸಿಗದಿದ್ದರೆ, ಅದರ ಜೊತೆ ಬರುವ ಎಣ್ಣೆಯೂ ಸಾಲದೆ, ಪಿಸ್ಟನ್ ಕಾದು ಸಿಲಿಂಡರಿಗೆ ಹಿಡಿದುಕೊಳ್ಳುತ್ತದೆ. ಬೇಸಿಗೆಯ ತರಗೆಲೆಯಲ್ಲಿ ಕಿಡಿ ಹಾರುವ ಭಯ ಬೇರೆ.

ಮೊದಲು ಮಾಡಬೇಕಾದದ್ದು ಅಗ್ಗದ ಕೆಲಸ. ಸರಪಳಿಗೆ ಹೇಳಿದ ದಪ್ಪದ ದುಂಡು ಅರ ಹಿಡಿದು, ಹಲ್ಲಿನ ಮೇಲೆ ಗುರುತು ಮಾಡಿರುವ ಓರೆಯಲ್ಲಿ (ಸಾಮಾನ್ಯವಾಗಿ 30 ಡಿಗ್ರಿ) ಒಳಗಿನಿಂದ ಹೊರಕ್ಕೆ ಉಜ್ಜಬೇಕು. ಎಡಬಲದ ಹಲ್ಲುಗಳ ಉದ್ದ ಸಮನಾಗಿರಲಿ. ಇಲ್ಲವಾದರೆ ಕೊಯ್ತ ಒಂದೇ ಕಡೆಗೆ ಓರೆಯಾಗಿ ಎಳೆಯುತ್ತದೆ. ಬದಲಾವಣೆಯಿಂದ ಲಾಭವಾಯಿತೇ ಎಂದು ತಿಳಿಯಲು ಒಂದೇ ದಿಮ್ಮಿಯ ಒಂದೇ ದಪ್ಪದ ಜಾಗದಲ್ಲಿ, ಗಂಟಿಲ್ಲದ ಕಡೆ, ಹಿಂದೆ ಮೂರು ಮುಂದೆ ಮೂರು ಕೊಯ್ತ ಹಾಕಿ ಗಡಿಯಾರ ನೋಡಬೇಕು. ಹಸಿ ಸಿಲ್ವರ್ ಓಕಿನಲ್ಲಿ ಒಮ್ಮೆ, ಒಣಗಿದ ಅಕೇಶಿಯಾದಲ್ಲಿ ಇನ್ನೊಮ್ಮೆ ಕೊಯ್ದು ಹೋಲಿಸಿದರೆ ಅರ್ಥವಿಲ್ಲ. ಗಡಿಯಾರವೂ ಬೇಡವೆಂದರೆ ಬುಡದಲ್ಲಿ ಬಿದ್ದದ್ದನ್ನು ಕೈಗೆತ್ತಿಕೊಳ್ಳಿ. ಚಕ್ಕೆ ಬಿದ್ದಿದ್ದರೆ ಹಲ್ಲು ಹರಿತವಾಗಿದೆ. ಹಿಟ್ಟಿನಂಥ ಹುಡಿಯಾದರೆ, ಗರಗಸವನ್ನು ಬಲವಾಗಿ ಒತ್ತಬೇಕಾಗಿ ಬಂದರೆ, ಎಂಜಿನ್ನಿನ ತಂಟೆಗೆ ಹೋಗುವ ಮುಂಚೆ ಅರ ತೆಗೆಯಬೇಕು.

ಸ್ಟಿಲ್ ಅವರ ಮಗ ಹಾನ್ಸ್ ಪೀಟರ್, ಮಗಳು ಈವಾ 1960ರ ಹೊತ್ತಿಗೆ ಕಾರ್ಖಾನೆಯ ಕೆಲಸಕ್ಕೆ ಸೇರಿದ್ದರು. 1971ರ ವೇಳೆಗೆ ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾಗುವ ಸರಪಳಿ ಗರಗಸ ಅವರದಾಗಿತ್ತು. 1973ರ ಜನವರಿ 14ರಂದು ಆಂಡ್ರಿಯಾಸ್ ಸ್ಟಿಲ್ ತಮ್ಮ ಎಪ್ಪತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು. ಆಡಳಿತ ಮಕ್ಕಳ ಕೈಗೆ ಬಂತು. ಬಾಂಬ್ ದಾಳಿಯ ದಿನಗಳಲ್ಲಿ ಆಶ್ರಯ ಕೊಟ್ಟ ವೈಬ್ಲಿಂಗೆನ್‌ನಲ್ಲೇ ಸಂಸ್ಥೆಯ ಕೇಂದ್ರ ಇಂದಿಗೂ ಇದೆ.