ಕಸುಬನ್ನು ಕೇಳಿದ ವೈದ್ಯ

ರೋಗಿಯ ನಾಡಿಯನ್ನು ನೋಡುವುದು, ಅವನ ಆಹಾರವನ್ನು ವಿಚಾರಿಸುವುದು ವೈದ್ಯರ ಪುರಾತನ ಪದ್ಧತಿ. ಇವುಗಳ ಜೊತೆಗೆ ರೋಗಿಯ ಕಸುಬು ಯಾವುದೆಂದು ಕೇಳುವುದೂ ಅಗತ್ಯವೆಂದು ಜಗತ್ತಿಗೆ ತಿಳಿಸಿಕೊಟ್ಟ ಮಹನೀಯನು ಬರ್ನಾರ್ಡಿನೊ ರಾಮಜ್ಜಿನಿ.

ರಾಮಜ್ಜಿನಿಯು 1633ರಲ್ಲಿ ಇಟಲಿಯ ಕಾರ್ಪಿ ಪಟ್ಟಣದಲ್ಲಿ ಜನಿಸಿದನು. 1659ರಲ್ಲಿ ಪಾರ್ಮಾ ನಗರದಲ್ಲಿ ವೈದ್ಯಪದವಿಯನ್ನು ಪಡೆದು, ಮುಂದೆ ಮೊಡೆನಾದಲ್ಲಿ ವೈದ್ಯನೂ ಪ್ರಾಧ್ಯಾಪಕನೂ ಆದನು. ಒಮ್ಮೆ ಅವನ ಮನೆಯ ಮಲದ ಗುಂಡಿಯನ್ನು ಬರಿದುಮಾಡಲು ಬಂದವನೊಬ್ಬನು ಬಹು ಅವಸರದಿಂದ ದುಡಿಯುತ್ತಿದ್ದನು. ಕಾರಣವನ್ನು ಕೇಳಲಾಗಿ, ಅಲ್ಲಿ ಹೆಚ್ಚು ಹೊತ್ತು ನಿಂತರೆ ಕಣ್ಣಿಗೇ ಕೇಡೆಂದು ತಿಳಿಯಿತು. ಅದೇ ಕಸುಬಿನ ಕೆಲವರು ದೃಷ್ಟಿ ಕಳೆದುಕೊಂಡು ಊರಿನಲ್ಲಿ ಭಿಕ್ಷೆ ಬೇಡುತ್ತಿದ್ದರು. ಇದನ್ನು ಕಂಡು ವೈದ್ಯನ ಮನಸ್ಸು ಕಲಕಿತು.

ಅಂದಿನಿಂದ ಅವನು ದುಡಿಮೆಗಾರರ ಕೆಲಸದ ಮನೆಗಳಿಗೆ ತಾನೇ ಹೋಗತೊಡಗಿದನು. ಕಲ್ಲುಕುಟಿಗರು, ಹಿಟ್ಟಿನ ಗಿರಣಿಯವರು, ಧಾನ್ಯ ಜರಡಿಹಿಡಿಯುವವರು, ನಾರು ಹಿಂಜುವವರು ಮೊದಲಾದವರ ಕೆಮ್ಮು, ಉಬ್ಬಸಗಳಿಗೆ ದೂಳೇ ಮೂಲವೆಂದು ಕಂಡುಕೊಂಡನು. ಬಾಳೆಹೊಸೂರಿನ ಕಣದಲ್ಲಿ ಜೋಳ ತೂರುವವರೂ ಗದಗಿನ ಜಿನ್ನುಗಳಲ್ಲಿ ಅರಳೆಯ ನಡುವೆ ದುಡಿಯುವವರೂ ಬಲ್ಲ ದೂಳಿನಂಥದೇ ಅದು. ನಲವತ್ತಕ್ಕೂ ಹೆಚ್ಚು ಕಸುಬುಗಳ ರೋಗಗಳನ್ನು ವಿವರಿಸುವ ಅವನ ಲ್ಯಾಟಿನ್ ಗ್ರಂಥವು 1700ರಲ್ಲಿ ಪ್ರಕಟವಾಯಿತು. ಅದೇ ವರ್ಷ ಪಾಡುವಾ ವಿಶ್ವವಿದ್ಯಾಲಯವು ಅವನನ್ನು ಪ್ರಾಧ್ಯಾಪಕನನ್ನಾಗಿ ನೇಮಿಸಿತು. ಮುಪ್ಪಿನಲ್ಲಿ ದೃಷ್ಟಿ ಮಂದವಾದರೂ ಅವನು ಕೆಲಸ ಬಿಡಲಿಲ್ಲ. 1713ರಲ್ಲಿ ಗ್ರಂಥವನ್ನು ವಿಸ್ತರಿಸಿ ಪ್ರಕಟಿಸಿ, 1714ರಲ್ಲಿ ಪಾಡುವಾದಲ್ಲಿಯೇ ನಿಧನನಾದನು.

ಅವನ ಎಚ್ಚರಿಕೆಯ ಮಾತು ಎಲ್ಲೆಡೆಯೂ ಬೇಗನೆ ಫಲಿಸಲಿಲ್ಲ. ಕಲ್ಲಿನ ದೂಳಿನಿಂದ ಶ್ವಾಸಕೋಶಗಳು ಗಡುಸಾಗುವ ಸಿಲಿಕೋಸಿಸ್ ರೋಗವು ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿಯೂ ಇರುವುದು 1934ರಲ್ಲಿ ವರದಿಯಾಯಿತು.

ದೂಳಿನ ಪಯಣ ಶ್ವಾಸಕೋಶದಲ್ಲಿಯೇ ಮುಗಿಯುವುದಿಲ್ಲವೆಂದು ಇಂದಿನ ವಿಜ್ಞಾನ ತೋರಿಸಿದೆ. ಶ್ವಾಸನಾಳದ ಲೋಳೆಗೆ ಅಂಟಿದ ದೂಳು ಅಲ್ಲಿನ ಸೂಕ್ಷ್ಮ ರೋಮಗಳ ಚಲನೆಯಿಂದ ಗಂಟಲಿಗೇರುತ್ತದೆ. ನುಂಗಿದಾಗ ಜಠರಕ್ಕೂ ಕರುಳಿಗೂ ಇಳಿಯುತ್ತದೆ. ಕರುಳಿನಲ್ಲಿ ವಾಸಿಸುವ ಅಸಂಖ್ಯ ಬ್ಯಾಕ್ಟೀರಿಯಗಳು ಆಹಾರದ ನಾರನ್ನು ಒಡೆದು ದೇಹಕ್ಕೆ ಬೇಕಾದ ಆಮ್ಲಗಳನ್ನು ಒದಗಿಸುತ್ತವೆ. ಚಯಾಪಚಯ ಕ್ರಿಯೆಗೂ ನೆರವಾಗುತ್ತವೆ. ಸಿಲಿಕೋಸಿಸ್ ರೋಗಿಗಳಲ್ಲಿ ಈ ಬ್ಯಾಕ್ಟೀರಿಯಗಳ ಸಮತೋಲವು ಆರೋಗ್ಯವಂತರಲ್ಲಿರುವಂತೆ ಇರುವುದಿಲ್ಲವೆಂದು ಇತ್ತೀಚಿನ ಅಧ್ಯಯನಗಳು ಸೂಚಿಸಿವೆ. ಈ ವ್ಯತ್ಯಾಸಕ್ಕೆ ದೂಳು ಎಷ್ಟರಮಟ್ಟಿಗೆ ಕಾರಣವೆಂಬ ಶೋಧನೆ ನಡೆದಿದೆ.

ಸೂಕ್ಷ್ಮದರ್ಶಕದ ನೆರವಿಲ್ಲದೆ, ದುಡಿಯುವವರ ಮಾತನ್ನು ಆಲಿಸಿಯೇ ರಾಮಜ್ಜಿನಿಯು ಈ ಶೋಧನೆಗೆ ದಾರಿ ತೆರೆದನು. ಅನ್ನಕ್ಕಾಗಿ ಮಾಡುವ ದುಡಿಮೆ ಆಯುಷ್ಯವನ್ನು ಕಸಿಯಬಾರದೆಂಬುದೇ ಅವನ ಬಾಳಿನ ಸಂದೇಶ.