ತನ್ನ ದೇಹವನ್ನೇ ಮೊದಲು ಒಡ್ಡಿದ ವಿಜ್ಞಾನಿ

ಊರಿಗೆ ಊರೇ ಬಾಗಿಲಿಕ್ಕಿ ಹೊಲದ ಗುಡಿಸಲುಗಳಿಗೆ ತೆರಳಿದ ಪ್ಲೇಗಿನ ದಿನಗಳ ಕಥೆಯನ್ನು ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯ ಅನೇಕ ಮನೆತನಗಳು ಹಿರಿಯರಿಂದ ಕೇಳಿವೆ. 1898ರಲ್ಲಿ ಹುಬ್ಬಳ್ಳಿಯಲ್ಲಿ ಈ ಮಾರಿ ತಾಂಡವವಾಡಿದಾಗ ಈ ಮೂರೂ ಊರುಗಳು ಅದೇ ಧಾರವಾಡ ಜಿಲ್ಲೆಗೆ ಸೇರಿದ್ದವು. ಆಗ ಹುಬ್ಬಳ್ಳಿಯ ಸಹಸ್ರಾರು ಜನರಿಗೆ ನೀಡಲಾದ ಚುಚ್ಚುಮದ್ದನ್ನು ಕಂಡುಹಿಡಿದವರು ವಾಲ್ಡೆಮಾರ್ ಹಾಫ್ಕಿನ್.

ಅವರು 1860ರಲ್ಲಿ ಒಡೆಸ್ಸಾದಲ್ಲಿ, ಯೆಹೂದಿ ಕುಟುಂಬದಲ್ಲಿ ಜನಿಸಿದರು. ಮತವನ್ನು ಬದಲಿಸಿದ್ದರೆ ತಾಯ್ನಾಡಿನಲ್ಲಿಯೇ ಪ್ರಾಧ್ಯಾಪಕ ವೃತ್ತಿ ದೊರೆಯುತ್ತಿತ್ತು. ಆತ್ಮಸಾಕ್ಷಿಯನ್ನು ಮಾರಿಕೊಳ್ಳಲೊಪ್ಪದ ಅವರು ಪ್ಯಾರಿಸ್ಸಿಗೆ ತೆರಳಿ, ಪಾಶ್ಚರ್ ಸಂಸ್ಥೆಯಲ್ಲಿ ಗ್ರಂಥಪಾಲಕರಾದರು. ಅಲ್ಲಿಯೇ ಕಾಲರಾ ಲಸಿಕೆಯನ್ನು ಸಿದ್ಧಪಡಿಸಿ, 1892ರಲ್ಲಿ ಪ್ರಥಮವಾಗಿ ತಮಗೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದರು.

1896ರಲ್ಲಿ ಮುಂಬಯಿಗೆ ಪ್ಲೇಗು ತಗುಲಿದಾಗ ಗ್ರಾಂಟ್ ವೈದ್ಯಕೀಯ ಕಾಲೇಜಿನ ಇಕ್ಕಟ್ಟಾದ ಸ್ಥಳವೇ ಅವರ ಪ್ರಯೋಗಶಾಲೆಯಾಯಿತು. ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ ರೋಗಾಣುಗಳು ಅವುಗಳಿಂದ ಬಿಳಲುಗಳಂತೆ ಇಳಿದು ಬೆಳೆಯುವುದನ್ನು ಅವರು ಕಂಡರು. ಅವನ್ನು ಕಾಯಿಸಿ ನಿರ್ಜೀವಗೊಳಿಸಿ ಲಸಿಕೆಯನ್ನು ಮಾಡಿದರು. 1897ರ ಜನವರಿ 10ರಂದು, ಅನಂತರ ಜನರಿಗೆ ಕೊಟ್ಟುದಕ್ಕಿಂತ ಬಹು ಹೆಚ್ಚಿನ ಪ್ರಮಾಣವನ್ನು ತಮ್ಮ ದೇಹಕ್ಕೇ ಹಾಕಿಸಿಕೊಂಡರು. ಜ್ವರವನ್ನೂ ನೋವನ್ನೂ ತಾವೇ ಅನುಭವಿಸಿದ ಮೇಲಷ್ಟೇ ಬೈಕಲಾ ಸೆರೆಮನೆಯಲ್ಲಿ ಪರೀಕ್ಷೆ ನಡೆಸಿದರು. ಅಲ್ಲಿಯೂ ಇಚ್ಛೆಯಿಂದ ಮುಂದೆ ಬಂದ ಬಂದಿಗಳಿಗೆ ಮಾತ್ರ ಲಸಿಕೆ ಹಾಕಲಾಯಿತು.

ಆದರೆ ಕೀರ್ತಿಯ ಬೆನ್ನಿಗೇ ಕಳಂಕ ಬಂದಿತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮಲ್ಕೋವಾಲ್ ಗ್ರಾಮದಲ್ಲಿ ಒಂದೇ ಸೀಸೆಯಿಂದ ಲಸಿಕೆ ಪಡೆದ 19 ಜನರು ಧನುರ್ವಾಯುವಿನಿಂದ ಮಡಿದರು. ಹೊಣೆಯನ್ನು ಹಾಫ್ಕಿನರ ಪ್ರಯೋಗಶಾಲೆಯ ಮೇಲೆ ಹೊರಿಸಿ ಅವರನ್ನು ಹುದ್ದೆಯಿಂದ ದೂರವಿರಿಸಲಾಯಿತು. ಗ್ರಾಮದಲ್ಲಿ ಸೀಸೆಯನ್ನು ತೆರೆಯುವಾಗ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಿಗೊಳಿಸದೆಯೇ ಬಳಸಲಾಗಿತ್ತು. ಈ ಸಂಗತಿಯನ್ನು ಅಧಿಕಾರವು ತೂಗಿನೋಡಲು ವರ್ಷಗಳೇ ಹಿಡಿದವು. ಮಲೇರಿಯಾ ಸಂಶೋಧಕ ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಬಹಿರಂಗವಾಗಿ ವಾದಿಸಿದ ಬಳಿಕ, 1907ರಲ್ಲಿ ಅವರು ದೋಷಮುಕ್ತರಾದರು. ಕಲ್ಕತ್ತೆಯಲ್ಲಿ ಕೆಲಸ ದೊರೆತರೂ ಮುಂಬಯಿಯ ಹಳೆಯ ಸ್ಥಾನ ಮರಳಿ ದೊರೆಯಲಿಲ್ಲ. 1925ರಲ್ಲಿ ಆ ಸಂಸ್ಥೆಗೆ ಅವರ ಹೆಸರನ್ನೇ ಇಡಲಾಯಿತು. 1930ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ಅವರು ನಿಧನರಾದರು.

ಸತ್ಯಾನ್ವೇಷಣೆ ಶ್ರೇಷ್ಠವೇ ಸರಿ. ಆದರೆ ಆ ಶ್ರೇಷ್ಠತೆಯು ಇನ್ನೊಬ್ಬ ಮನುಷ್ಯನನ್ನು ಬರಿಯ ಸಾಧನವಾಗಿಸುವ ಹಕ್ಕನ್ನು ಯಾರಿಗೂ ಕೊಡದು. ಹಾಫ್ಕಿನರು ಇದನ್ನು ಬೋಧಿಸಲಿಲ್ಲ, ಬಾಳಿ ತೋರಿಸಿದರು. ಇಂದು ಹಾವೇರಿಯಲ್ಲಿಯೇ ವೈದ್ಯಕೀಯ ಕಾಲೇಜು ಇದೆ. ಅಲ್ಲಿ ಕಲಿಯುವ ನಮ್ಮ ಮಕ್ಕಳು ನಾಳೆ ಸಂಶೋಧನೆಗೆ ತೊಡಗಿದಾಗ, ಪರರ ದೇಹಕ್ಕೆ ಸೂಜಿಯನ್ನು ತಾಗಿಸುವ ಮುನ್ನ ಈ ಬಾಳನ್ನು ನೆನೆಯಲಿ. ಅನಾಹುತವೊಂದು ನಡೆದಾಗ, ಸಾಕ್ಷ್ಯವನ್ನು ತೂಗುವ ಮೊದಲೇ ತಪ್ಪಿತಸ್ಥನನ್ನು ಹುಡುಕಿಕೊಳ್ಳುವ ನಾವೂ ನೆನೆಯೋಣ.