ಪೇಜ್‌ಮೇಕರ್‌ನ ಹಿಂದಿನ ಹೆಸರು
ಪೇಜ್‌ಮೇಕರ್‌ನಲ್ಲಿ ಕಿರುಹೊತ್ತಿಗೆಗಳ ಪುಟ ಜೋಡಿಸುತ್ತ, 1ನೇ ಪುಟದ ಪಕ್ಕಕ್ಕೆ 16ನೆಯದನ್ನು ಕೂರಿಸುತ್ತಿದ್ದ ನನಗೆ, ಆ ಲೆಕ್ಕ ಐದು ಶತಮಾನಗಳಷ್ಟು ಹಳೆಯದೆಂಬುದು ಇಂದಿಗೂ ಸೋಜಿಗ. 1985ರಲ್ಲಿ ಆ ತಂತ್ರಾಂಶವನ್ನು ಹೊರತಂದ ಅಮೆರಿಕದ ಸಂಸ್ಥೆ ತನಗಿಟ್ಟುಕೊಂಡದ್ದು ವೆನಿಸ್‌ನ ಮುದ್ರಕ ಆಲ್ಡಸ್ ಮನುಟಿಯಸ್‌ನ ಹೆಸರನ್ನು.

ಆತ ಮೂಲತಃ ಮೇಷ್ಟ್ರು. ಗ್ರೀಕ್ ಕೃತಿಗಳು ಅಳಿಯಬಾರದೆಂದು ನಡುವಯಸ್ಸಿನಲ್ಲಿ ಅಚ್ಚುಕೂಟ ತೆರೆದ. 1501ರಲ್ಲಿ, ಒಂದೇ ಹಾಳೆಯನ್ನು ಮೂರು ಬಾರಿ ಮಡಿಸಿ 16 ಪುಟವಾಗಿಸುವ ಕೈಹಿಡಿಯ ಗಾತ್ರದಲ್ಲಿ ವರ್ಜಿಲ್‌ನ ಕಾವ್ಯವನ್ನು ಮುದ್ರಿಸಿದ. ಅದರ ಓರೆ ಅಕ್ಷರಗಳೇ ಇಂದಿನ ಇಟಾಲಿಕ್‌ನ ಮೂಲ. ಅವನ್ನು ಕೊರೆದವನು ಫ್ರಾನ್ಸೆಸ್ಕೊ ಗ್ರಿಫೊ. ಪುಸ್ತಕದಲ್ಲಿ ಅವನನ್ನು ಹೊಗಳಿದ ಆಲ್ಡಸ್, ಅಕ್ಷರಗಳ ಹಕ್ಕನ್ನು ಮಾತ್ರ 1502ರಲ್ಲಿ ತನ್ನ ಹೆಸರಿಗೇ ಪಡೆದ! ಗ್ರಿಫೊ ಬೇರೊಬ್ಬ ಮುದ್ರಕನಲ್ಲಿಗೆ ಹೊರಟುಹೋದ. ಆಲ್ಡಸ್‌ನ ಬಗೆಗಿನ ನನ್ನ ಗೌರವದಲ್ಲಿ ಈ ಮುಳ್ಳು ಉಳಿದೇ ಇದೆ.

1515ರಲ್ಲಿ ಆತ ತೀರಿಕೊಂಡಾಗ ಶವದ ಸುತ್ತ ಪುಸ್ತಕಗಳನ್ನು ಇರಿಸಿದ್ದರು.